ಲಕ್ವದ ನಂತರ: ನಡೆಯುತ್ತ ಮಾತಾಡುವುದನ್ನು ಕಲಿಸುವ ಬಗೆ

ಲಕ್ವ ಹೊಡೆದು ಮನೆಗೆ ಬಂದವರು ಜಗಲಿಯಲ್ಲಿ ನಾಲ್ಕು ಹೆಜ್ಜೆ ಇಟ್ಟರೆ ಎಲ್ಲರಿಗೂ ಖುಷಿ. ‘ಊಟ ಆಯ್ತಾ, ನಿದ್ದೆ ಬಂತಾ’ ಎಂದು ಜೊತೆಜೊತೆಗೇ ಕೇಳುತ್ತೇವೆ. ಹುಂಚದಂಥ ಮಲೆನಾಡಿನ ಊರಲ್ಲಿ ಅಂಗಳಕ್ಕೆ ಪಾಚಿ ಕಟ್ಟಿರುತ್ತದೆ, ತೋಟಕ್ಕೆ ಹೋಗಲು ಸಂಕ (ಕಾಲುಸೇತುವೆ) ದಾಟಬೇಕು. ಇಲ್ಲಿ ಆ ಒಂದು ಪ್ರಶ್ನೆಯೇ ಅವರನ್ನು ಬೀಳಿಸಬಹುದು.

ಆರೋಗ್ಯವಂತರ ನಡಿಗೆಗೆ ಹೆಚ್ಚು ಯೋಚನೆ ಬೇಡ. ಬೆನ್ನುಹುರಿ, ಮಿದುಳುಕಾಂಡ, ಕಿರುಮಿದುಳು ಅದನ್ನು ನೋಡಿಕೊಳ್ಳುತ್ತವೆ. ಲಕ್ವದ ನಂತರ ಹೆಜ್ಜೆ ಹೆಜ್ಜೆಗೂ ಗಮನ ಬೇಕು, ಆ ಹೊರೆ ಹಣೆಯ ಹಿಂದಿನ ಮಿದುಳಿನ ಮೇಲೆ ಬೀಳುತ್ತದೆ. ಹಣೆಗೆ ಪಟ್ಟಿ ಕಟ್ಟಿ, ಅವಕೆಂಪು ಬೆಳಕಿನಿಂದ ಅಲ್ಲಿನ ರಕ್ತದ ಆಮ್ಲಜನಕ ಅಳೆದಾಗ ಇದು ಕಾಣುತ್ತದೆ. ಜೊತೆಗೆ ಯೋಚನೆಯೂ ಸೇರಿದರೆ ನಡಿಗೆ ನಿಧಾನವಾಗುತ್ತದೆ, ಇಲ್ಲವೇ ಉತ್ತರ ತಪ್ಪುತ್ತದೆ. 1997ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಸ್ವೀಡನ್ನಿನ ಅಧ್ಯಯನವೊಂದರಲ್ಲಿ, ಮಾತು ಶುರುವಾದೊಡನೆ ನಡಿಗೆ ನಿಲ್ಲಿಸುತ್ತಿದ್ದ 12 ವೃದ್ಧರ ಪೈಕಿ 10 ಮಂದಿ ಆರು ತಿಂಗಳೊಳಗೆ ಬಿದ್ದಿದ್ದರು.

ಹಾಗೆಂದು ಸದಾ ಮೌನವಾಗಿ ನಡೆಸಬೇಕಿಲ್ಲ. ಸಂತೆ, ರಥಬೀದಿಗಳಲ್ಲಿ ಮೌನ ಸಿಗುವುದೂ ಇಲ್ಲ. ನಿಧಾನವಾಗಿ ಅಭ್ಯಾಸ ಮಾಡಿಸಬೇಕು.

1. ಫಿಸಿಯೋಥೆರಪಿಸ್ಟ್ ಒಪ್ಪಿದ ಮೇಲೆಯೇ ಶುರುಮಾಡಿ. ಅಲ್ಲಿಯವರೆಗೆ ಮಾತು ಕುಳಿತಾಗ, ನಡಿಗೆ ಮೌನದಲ್ಲಿ.

2. ಒಣಗಿದ, ಸಮತಟ್ಟಾದ ನೆಲದಲ್ಲಿ 10 ಮೀಟರ್ ಗುರುತು ಹಾಕಿ. ಸುಮ್ಮನೆ ನಡೆಸಿ ಎಷ್ಟು ಸೆಕೆಂಡು ಎಂದು ಬರೆದಿಡಿ. ವಿಶ್ರಾಂತಿ ಕೊಟ್ಟು, ವಾರಗಳ ಹೆಸರು ಹೇಳಿಸುತ್ತ ಮತ್ತೆ ನಡೆಸಿ. ಸಮಯ ಎಷ್ಟು ಹೆಚ್ಚಿತು, ಹೆಸರು ಎಲ್ಲಿ ತಪ್ಪಿತು, ಎರಡನ್ನೂ ಗಮನಿಸಿ.

3. ನೀವು ಬಲಹೀನ ಬದಿಯಲ್ಲಿ, ಅರ್ಧ ಹೆಜ್ಜೆ ಹಿಂದೆ ಇರಿ. ಆ ಕಡೆಯ ಕೈ ಹಿಡಿದು ಎಳೆಯಬೇಡಿ, ಭುಜಕ್ಕೆ ಪೆಟ್ಟಾಗುತ್ತದೆ. ಸೊಂಟದ ಬೆಲ್ಟ್ ಹಿಡಿಯಿರಿ.

4. ವಾರಗಳು ಸಲೀಸಾದರೆ ಅವನ್ನೇ ಹಿಂದುಮುಂದಾಗಿ ಹೇಳಿಸಿ. ಆಮೇಲೆ ಮಳೆ ನಕ್ಷತ್ರಗಳು, ಶಿವಮೊಗ್ಗದಿಂದ ಆಯನೂರು, ರಿಪ್ಪನ್‌ಪೇಟೆ ದಾಟಿ ಹುಂಚಕ್ಕೆ ಬರುವ ಬಸ್ಸಿನ ನಿಲ್ದಾಣಗಳು. ಬದುಕಿನಿಂದಲೇ ಆಯ್ದ ಪ್ರಶ್ನೆಗೆ ಅವರು ಮನಸ್ಸಿಟ್ಟು ಉತ್ತರಿಸುತ್ತಾರೆ; ನೂರರಿಂದ ಮೂರು ಮೂರು ಕಳೆಯುತ್ತ ಹೋಗುವ ಲೆಕ್ಕ ಹಲವರಿಗೆ ಬೇಸರ. ಮಾತೇ ಹೋದವರಿಗೆ, ನೀವು ಹೇಳುವ ಪದಗಳಲ್ಲಿ ‘ಅಡಿಕೆ’ ಬಂದಾಗ ಕೈಯೆತ್ತುವ ಕೆಲಸ ಕೊಡಿ.

5. ಹೆಜ್ಜೆ ತಡವರಿಸಿದರೆ ಪ್ರಶ್ನೆ ನಿಲ್ಲಿಸಿ, ನಡಿಗೆ ಮೊದಲು. ಸಂಕ, ಮೆಟ್ಟಿಲು, ಬಚ್ಚಲಲ್ಲಿ ಈ ಅಭ್ಯಾಸ ಬೇಡವೇ ಬೇಡ. ಫೋನ್ ಬಂದರೆ ಕುಳಿತೇ ಮಾತಾಡಲಿ.

ಹೊಸದಾಗಿ ಬಾಯಿ ಓರೆಯಾದರೆ, ಕೈಕಾಲು ಇದ್ದಕ್ಕಿದ್ದಂತೆ ಸೋತರೆ, ಮಾತು ತೊದಲಿದರೆ ತಕ್ಷಣ 108ಕ್ಕೆ ಕರೆ ಮಾಡಿ. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಇಲ್ಲಿಂದ ಶಿವಮೊಗ್ಗ ತಲುಪುವ ಹೊತ್ತೂ ಅದರಲ್ಲೇ ಸೇರಿದೆ.