ರಾಜೀನಾಮೆಗೆ ಮೊದಲು ಒಂದು ಪಾಠ ಕಟ್ಟಿ

ಪ್ರಶ್ನೆ: ಮುಂಬೈಯ ವಡಾಲದ ಒಂದು ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆಯಲ್ಲಿ 11 ವರ್ಷದಿಂದ ವಿಜ್ಞಾನ ಕಲಿಸುತ್ತಿದ್ದೇನೆ. ಎಂ.ಎಸ್ಸಿ., ಬಿ.ಎಡ್. ಆಗಿದೆ. ವಯಸ್ಸು 38. ಸಂಬಳ ನಿಂತಲ್ಲೇ ನಿಂತಿದೆ, ಪಾಠಕ್ಕಿಂತ ದಾಖಲೆ ತುಂಬುವ ಕೆಲಸವೇ ಹೆಚ್ಚು. ಹಳೆಯ ಸಹೋದ್ಯೋಗಿಯೊಬ್ಬಳು ಕಂಪನಿಯಲ್ಲಿ ಸಿಬ್ಬಂದಿ ತರಬೇತಿಯ ಪಾಠ ರೂಪಿಸುವ ಇನ್‌ಸ್ಟ್ರಕ್ಷನಲ್ ಡಿಸೈನರ್ ಆಗಿದ್ದಾಳೆ, ‘ಬಿಟ್ಟು ಬಾ’ ಎನ್ನುತ್ತಾಳೆ. ಮನೆಯವರು ಬೇಡ ಎನ್ನುತ್ತಾರೆ. ಸಾಲ ಮಾಡಿಯಾದರೂ ಸರ್ಟಿಫಿಕೇಟ್ ಕೋರ್ಸಿಗೆ ಸೇರಲೇ?
– ಹೆಸರು ಬೇಡ, ವಡಾಲ

ಉತ್ತರ: ಸಾಲವಂತೂ ಬೇಡವೇ ಬೇಡ. ರಾಜೀನಾಮೆಗೂ ಅವಸರವಿಲ್ಲ. ಮೇ ತಿಂಗಳ ರಜೆಯಲ್ಲಿ ಒಂದು ಮಾದರಿ ಪಾಠ ಕಟ್ಟಿ. ಈ ಕೆಲಸದ ಸಂದರ್ಶನದಲ್ಲಿ ಸರ್ಟಿಫಿಕೇಟಿಗಿಂತ ನೀವು ಮಾಡಿದ ಕೆಲಸ ಹೆಚ್ಚು ಮಾತಾಡುತ್ತದೆ.

ಮೊದಲು ಕೆಲಸದ ಸ್ವರೂಪ ತಿಳಿದುಕೊಳ್ಳಿ. ಕಂಪನಿಗಳು ಜ್ಞಾನದ ಮೇಲಿನ ಪ್ರೀತಿಯಿಂದ ಪಾಠ ಮಾಡಿಸುವುದಿಲ್ಲ. ಬ್ಯಾಂಕಿಗೆ, ಗ್ರಾಹಕರ ಗುರುತು ಪರಿಶೀಲಿಸುವ ಕೆವೈಸಿ ನಿಯಮ ಸಿಬ್ಬಂದಿಗೆ ತಲುಪಬೇಕು. ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ, ಸಿಬ್ಬಂದಿಗೆ ಅರಿವು ಮೂಡಿಸುವ ಹೊಣೆಯನ್ನು ಮಾಲೀಕರ ಮೇಲೆಯೇ ಹೊರಿಸಿದೆ. ಪಾಠ ನೋಡುವ ನೌಕರನಿಗೋ ಬೇಗ ‘ನೆಕ್ಸ್ಟ್’ ಒತ್ತಿ ಮುಗಿಸುವ ಆತುರ. ನಿಮ್ಮ ತರಗತಿಯಲ್ಲಾದರೆ ಮಕ್ಕಳ ಮುಖ ನೋಡಿಯೇ ಅರ್ಥವಾಗಿಲ್ಲವೆಂದು ಗೊತ್ತಾಗುತ್ತದೆ. ಇಲ್ಲಿ ಮುಖವೇ ಇಲ್ಲ. ಎಲ್ಲಿ ತಡವರಿಸುತ್ತಾರೆ ಎಂಬುದನ್ನು ಮೊದಲೇ ಊಹಿಸಿ ಬರೆಯಬೇಕು. ಅದಕ್ಕೂ ಹಿಂದಿನ ಪ್ರಶ್ನೆ: ಇದಕ್ಕೆ ತರಬೇತಿ ಬೇಕೇ? ಅರ್ಜಿ ನಮೂನೆಯೇ ಗೋಜಲಾಗಿದ್ದರೆ ಗುಮಾಸ್ತನಿಗೆ ಎಷ್ಟು ಪಾಠ ಹೇಳಿದರೂ ತಪ್ಪು ನಿಲ್ಲದು. ಎಲ್ಲವನ್ನೂ ವಿವರಿಸುವುದು ನಮ್ಮ ಮೇಷ್ಟ್ರುಗಳ ಚಾಳಿ. ಇಲ್ಲಿ ಸಂಬಳ ಸಿಗುವುದು ಬೇಡದ್ದನ್ನು ಕಿತ್ತುಹಾಕಿದ್ದಕ್ಕೆ.

ಸಿದ್ಧಾಂತಕ್ಕೆ ಹೆದರಬೇಕಿಲ್ಲ. ಬಿ.ಎಡ್.ನಲ್ಲಿ ಓದಿದ, ಕಲಿಕೆಯ ಗುರಿಗಳ 1956ರ ಬ್ಲೂಮ್ ವರ್ಗೀಕರಣವೇ ಇಲ್ಲೂ ಕೈಹಿಡಿಯುತ್ತದೆ. ಎಲ್ಲರೂ ಜಪಿಸುವ ‘ಆಡಿ’ (ADDIE: ವಿಶ್ಲೇಷಣೆ, ವಿನ್ಯಾಸ, ಅಭಿವೃದ್ಧಿ, ಜಾರಿ, ಮೌಲ್ಯಮಾಪನ) ಮಾದರಿ 1975ರಲ್ಲಿ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯ ಅಮೆರಿಕದ ಸೇನೆಗಾಗಿ ರೂಪಿಸಿದ ಕ್ರಮದಿಂದ ಬಂದದ್ದು. ನಿಮ್ಮ ಪಾಠಯೋಜನೆಯ ದೊಡ್ಡಕ್ಕನೆಂದು ತಿಳಿಯಿರಿ.

ಮಾದರಿ ಪಾಠಕ್ಕೆ ದೂರ ಹೋಗಬೇಡಿ. ಪಕ್ಕದ ಮಾಟುಂಗದಲ್ಲಿ ನಮ್ಮ ಕನ್ನಡಿಗರ ಹೋಟೆಲುಗಳಿವೆ, ಪರಿಚಯದ ಒಂದನ್ನು ಹಿಡಿಯಿರಿ. 25 ಮಂದಿ ಆಹಾರ ಕೆಲಸಗಾರರಿಗೆ ಆಹಾರ ಸುರಕ್ಷತೆಯ ತರಬೇತಿ ಪಡೆದ ಒಬ್ಬ ಮೇಲ್ವಿಚಾರಕ ಇರಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಹೇಳುತ್ತದೆ. ಆದರೆ ಹೋದ ವಾರ ಒಡಿಶಾದಿಂದ ಬಂದ ಹುಡುಗನಿಗೆ ಹೇಳಿಕೊಡುವವರು ಯಾರು? ಅವನಿಗಾಗಿ ಮೊಬೈಲಿನಲ್ಲಿ ನೋಡುವಂಥ ಐದು ನಿಮಿಷದ ಪಾಠ ಮಾಡಿ. ಹಿಂದಿಯಲ್ಲಿರಲಿ, ಮಾತು ಕಡಿಮೆ, ಚಿತ್ರ ಹೆಚ್ಚು. ಬರೆಯುವ ಮುನ್ನ ಅಡುಗೆಮನೆಯಲ್ಲಿ ನಿಂತು ನೋಡಿ, ತಪ್ಪು ಎಲ್ಲಿ ಆಗುತ್ತದೆಂದು ಅಡುಗೆ ಭಟ್ಟರನ್ನು ಕೇಳಿ. ಆಮೇಲೆ ಸ್ಟೋರಿಬೋರ್ಡ್: ಕಾಣುವುದು ಒಂದು ಕಡೆ, ಕೇಳುವುದು ಇನ್ನೊಂದು ಕಡೆ. ಪವರ್‌ಪಾಯಿಂಟಿನಲ್ಲಿ ಶುರುಮಾಡಿ, ಬಳಿಕ ಆರ್ಟಿಕ್ಯುಲೇಟ್ ಸ್ಟೋರಿಲೈನ್ ಎಂಬ ಪಾಠ ಕಟ್ಟುವ ತಂತ್ರಾಂಶದ ಉಚಿತ ಪ್ರಯೋಗಾವಧಿ ಬಳಸಿಕೊಳ್ಳಿ. ಹುಡುಗರಿಗೆ ತೋರಿಸಿ, ಅವರು ಎಡವಿದಲ್ಲಿ ತಿದ್ದಿ, ತಿದ್ದಿದ್ದನ್ನೂ ಜೋಪಾನ ಮಾಡಿ. ಸಂದರ್ಶನದಲ್ಲಿ ಅದೇ ನಿಮ್ಮ ಕಥೆ. (ಮುಂಬೈ ಕೋಟೆ ಪ್ರದೇಶದ ಕನ್ನಡ ರಾತ್ರಿಶಾಲೆಗಳಲ್ಲಿ ಹೋಟೆಲ್ ಡ್ಯೂಟಿ ಮುಗಿಸಿ ದಣಿದು ಬಂದವರಿಗೆ ಕಲಿಸಿದ ಮೇಷ್ಟ್ರುಗಳಿಗೆ, ಕಲಿಯುವವರು ಎಡವುವ ಜಾಗ ನೋಡಿ ತಿದ್ದುವ ಈ ವಿದ್ಯೆ ಯಾವ ಕೋರ್ಸೂ ಇಲ್ಲದೆ ಗೊತ್ತಿತ್ತು.)

ಹೀಗೆ ಸ್ಥಳಕ್ಕೆ ಹೋಗಿ ನೋಡಿ ಎನ್ನಲು ಇನ್ನೊಂದು ಕಾರಣವಿದೆ. ಕೈಪಿಡಿಯನ್ನು ಸ್ಲೈಡಿಗೆ ಇಳಿಸುವ ಕೆಲಸವನ್ನು ಈಗ ಎಐ ಕ್ಷಣದಲ್ಲಿ ಮಾಡುತ್ತದೆ. ಅಷ್ಟನ್ನೇ ಬಲ್ಲವರಿಗೆ ಮುಂದೆ ಜಾಗ ಕಷ್ಟ.

ಇಷ್ಟವಾಗದ ಮಾತೂ ಇದೆ. ನಿಮ್ಮ 11 ವರ್ಷವನ್ನು ಅಲ್ಲಿ ಪೂರ್ತಿ ಅನುಭವವೆಂದು ಎಣಿಸಲಿಕ್ಕಿಲ್ಲ. ನಿಮಗಿಂತ ಹತ್ತು ವರ್ಷ ಚಿಕ್ಕವಳು ನಿಮ್ಮ ಬರಹದ ತುಂಬ ತಿದ್ದುಪಡಿ ಹಾಕಬಹುದು. ಮೇ ರಜೆ, ದೀಪಾವಳಿ ರಜೆ ಮರೆತುಬಿಡಿ. ಆಫೀಸು ಅಂಧೇರಿಯಾದರೆ ವಡಾಲ ರೋಡಿನಿಂದ ನೇರ ಹಾರ್ಬರ್ ಲೈನಿನ ಗಾಡಿ. ಐರೋಲಿಯಾದರೆ ವಾಶಿಯಲ್ಲಿ ಬದಲಿಸಬೇಕು. ವಾರಕ್ಕೆ ಎಷ್ಟು ದಿನ ಆಫೀಸು ಎಂದು ಸಂದರ್ಶನದಲ್ಲೇ ಕೇಳಿಬಿಡಿ. ಬೇಸರ ಪಾಠದ ಮೇಲಲ್ಲದೆ ಆಡಳಿತ ಮಂಡಳಿಯ ಮೇಲಿದ್ದರೆ ಬೇರೆ ಶಾಲೆ ಹುಡುಕುವುದೇ ಸುಲಭದ ದಾರಿ.

ಮಾದರಿ ಕಟ್ಟುವಾಗ ಹೊತ್ತು ಹೋದದ್ದೇ ತಿಳಿಯದಿದ್ದರೆ ಧೈರ್ಯವಾಗಿ ಮುಂದುವರಿಯಿರಿ. ಕ್ರಮವಾಗಿ ಓದಬೇಕೆನಿಸಿದರೆ ಜುಹುವಿನ ಎಸ್‌ಎನ್‌ಡಿಟಿ ವಿಶ್ವವಿದ್ಯಾಲಯದಲ್ಲಿ ಶೈಕ್ಷಣಿಕ ತಂತ್ರಜ್ಞಾನದ ವಿಭಾಗವೇ ಇದೆ, ಅಲ್ಲಿ ವಿಚಾರಿಸಿ.

ಕೊನೆಗೆ ಲೆಕ್ಕದ ಮಾತು. ಕೈಗೆ ನೇಮಕಪತ್ರ ಬಂದ ಮೇಲಷ್ಟೇ ರಾಜೀನಾಮೆ ಕೊಡಿ. ಮಹಾರಾಷ್ಟ್ರದ ಖಾಸಗಿ ಶಾಲೆಗಳ ನಿಯಮದಂತೆ ಕಾಯಂ ಶಿಕ್ಷಕರು 3 ತಿಂಗಳ ನೋಟಿಸ್ ಕೊಡಬೇಕು. ಸೇರುವ ದಿನವನ್ನು ಹೊಸ ಕಂಪನಿಯೊಡನೆ ಅದಕ್ಕೆ ತಕ್ಕಂತೆ ಮಾತಾಡಿಕೊಳ್ಳಿ. 5 ವರ್ಷ ದಾಟಿದ ಖಾಸಗಿ ಶಾಲಾ ಶಿಕ್ಷಕರಿಗೂ ಗ್ರಾಚುಟಿ ಸಲ್ಲಬೇಕೆಂಬುದನ್ನು ಸುಪ್ರೀಂ ಕೋರ್ಟ್ 2022ರಲ್ಲಿ ಎತ್ತಿಹಿಡಿದಿದೆ. ನಿಮ್ಮ 11 ವರ್ಷದ ಗ್ರಾಚುಟಿಯನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ.