ನಗುನಗುತ್ತಾ ಇರುವಾಗಲೇ ಬರೆದಿಟ್ಟುಕೊಳ್ಳಿ

ನೀವು ಐದು ಜನ ಸೇರಿ ಬ್ಯಾಂಡ್ ಕಟ್ಟಿದ್ದೀರಿ ಅಂತ ಕೇಳಿ ನನಗಾದಷ್ಟು ಸಂತೋಷ ನಿಮ್ಮ ಅಪ್ಪ ಅಮ್ಮಂದಿರಿಗೆ ಇನ್ನೂ ಆಗಿಲ್ಲ. ಅವರಿಗೂ ಆಗುತ್ತದೆ, ಸ್ವಲ್ಪ ಕಾಲ ಕೊಡಿ. ಗಣಪತಿ ಹಬ್ಬಕ್ಕೋ ರಾಜ್ಯೋತ್ಸವಕ್ಕೋ ಒಂದು ರಸಮಂಜರಿ ಆದರೆ ವರ್ಷದ ಸಂಗೀತ ಮುಗಿಯಿತು ಅನ್ನುವ ನಮ್ಮ ಆಲೂರಿನಲ್ಲಿ, ಸ್ವಂತ ಹಾಡು ಬರೆದು ಸ್ವಂತ ರಾಗ ಹಾಕುತ್ತೇವೆ ಅಂತ ಹೊರಡುವುದು ಸಣ್ಣ ಮಾತಲ್ಲ. ಬೆಂಗಳೂರಿಗೆ ಕೆಲಸಕ್ಕೆ ಹೋದ ಅಣ್ಣನ ಮೇಲೆ ಬರೆದಿದ್ದೀರಲ್ಲ, ಆ ಹಾಡು ಕೇಳಿದೆ. ಪಲ್ಲವಿ ಗಟ್ಟಿಯಾಗಿದೆ. ಎರಡನೇ ಚರಣ ಸ್ವಲ್ಪ ಎಳೆದಂತಾಗಿದೆ, ಅದನ್ನು ಕೂತು ಸರಿಮಾಡಬಹುದು.

ಇವತ್ತು ಹೇಳಬೇಕಾಗಿರುವುದು ಬೇರೆ. ಯಾರ ಹೆಸರು ಎಲ್ಲಿ ಬರಬೇಕು, ಬಂದ ದುಡ್ಡು ಹೇಗೆ ಹಂಚಬೇಕು, ಯಾರಾದರೂ ಬಿಟ್ಟು ಹೋದರೆ ಏನು ಅನ್ನುವುದನ್ನು ಈಗಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆದು ಐದೂ ಜನ ಸಹಿ ಹಾಕಿ. ಈಗ ಅಂದರೆ, ಒಬ್ಬರ ಮುಖ ಒಬ್ಬರು ನೋಡಿದರೆ ನಗು ಬರುವ ಕಾಲದಲ್ಲೇ. ಮನಸ್ತಾಪ ಬಂದ ಮೇಲೆ ಕಾಗದ ಮುಂದಿಟ್ಟರೆ ಅದು ಜಗಳದ ಕಾಗದವೇ ಆಗುತ್ತದೆ.

ನಾನು ಗಿಟಾರ್ ನುಡಿಸುತ್ತಿದ್ದ ರಸಮಂಜರಿ ತಂಡದಲ್ಲಿ ಎಲ್ಲರೂ ಕೈಲಾದಷ್ಟು ಹಾಕಿ ಒಂದು ಕೀಬೋರ್ಡ್ ತಂದಿದ್ದೆವು. ಯಾರು ಎಷ್ಟು ಹಾಕಿದರು ಅಂತ ಯಾರೂ ಬರೆದಿಡಲಿಲ್ಲ. ಎರಡು ಗಣಪತಿ ಸೀಸನ್ ಅದು ಚೆನ್ನಾಗಿ ದುಡಿಯಿತು. ಆಮೇಲೆ ಅದನ್ನು ನುಡಿಸುತ್ತಿದ್ದವನಿಗೆ ಊರು ಬಿಟ್ಟು ಹೋಗುವ ಕೆಲಸ ಸಿಕ್ಕಿತು. ಕೀಬೋರ್ಡ್ ಯಾರದು? ಹೆಚ್ಚು ದುಡ್ಡು ಹಾಕಿದವನದೋ, ನುಡಿಸುತ್ತಿದ್ದವನದೋ, ತಂಡದ್ದೋ? ತೀರ್ಮಾನವಾಗಲೇ ಇಲ್ಲ. ಒಬ್ಬರ ಮನೆಯ ಅಟ್ಟದ ಮೇಲೆ ರೆಕ್ಸಿನ್ ಪೆಟ್ಟಿಗೆಯಲ್ಲೇ ಉಳಿಯಿತು. ನಮ್ಮ ಮಳೆಗಾಲ ನಿಮಗೆ ಗೊತ್ತಲ್ಲ, ಬೂಷ್ಟು ಹಿಡಿಯಿತು. ಒತ್ತಿದ ಕೀಲಿ ಮೇಲಕ್ಕೆ ಏಳದಂತಾಯಿತು. ಅದು ಹೋಗಲಿ. ಜೀವದ ಗೆಳೆಯರಾಗಿದ್ದ ಇಬ್ಬರಲ್ಲಿ ಒಬ್ಬರ ಮಗಳ ಮದುವೆಗೆ ಇನ್ನೊಬ್ಬರು ಹೋಗಲಿಲ್ಲ. ಆ ಸಂಕಟ ನನ್ನಲ್ಲಿ ಇನ್ನೂ ಇದೆ, ಅದಕ್ಕೇ ನಿಮ್ಮ ಹತ್ತಿರ ಇಷ್ಟು ಒತ್ತಿ ಹೇಳುತ್ತಿರುವುದು.

ನಮ್ಮ ರಾಜ್ಯದಲ್ಲಿ ಬ್ಯಾಂಡುಗಳು ಹೇಗೆ ಬಾಳಿದವು ಅಂತ ನೋಡಿ. 1996ರಲ್ಲಿ ಬೆಂಗಳೂರಿನ ಕ್ರೈಸ್ಟ್ ಕಾಲೇಜಿನ ಹುಡುಗರು 'ಥರ್ಮಲ್ ಅಂಡ್ ಎ ಕ್ವಾರ್ಟರ್' ಅಂತ ಶುರುಮಾಡಿದರು. ಬೇರೆಯವರ ಹಾಡು ನುಡಿಸಿದರೆ ಮಾತ್ರ ಜನ ಕೇಳುತ್ತಿದ್ದ ಕಾಲ ಅದು. ಇವರು ತಮ್ಮದೇ ಹಾಡು ಹಿಡಿದು ಕೂತರು. 2000ದಲ್ಲಿ ಮೊದಲ ಆಲ್ಬಂ, 2002ರಲ್ಲಿ 'ಜ್ಯುಪಿಟರ್ ಕೆಫೆ'. 2001ರಲ್ಲಿ ಡೀಪ್ ಪರ್ಪಲ್ ಬೆಂಗಳೂರಿಗೆ ಬಂದಾಗ ಅವರಿಗಿಂತ ಮುಂಚೆ ವೇದಿಕೆ ಹತ್ತಿದವರು ಇವರು. ಬೇಸ್ ಗಿಟಾರಿನವರು ಬದಲಾದರು, ಹೊಸಬರು ಬಂದರು. ಗಿಟಾರಿನ ಬ್ರೂಸ್ ಲೀ ಮಣಿ, ಡ್ರಮ್ಸಿನ ರಾಜೀವ್ ರಾಜಗೋಪಾಲ್ ಮಾತ್ರ ದಶಕಗಳ ಕಾಲ ಕೈ ಬಿಡಲಿಲ್ಲ. ಬರೀ ಕಛೇರಿ ನಂಬಿದರೆ ಹೊಟ್ಟೆ ತುಂಬುವುದಿಲ್ಲ ಅಂತ 'ಟಾಕಾಡೆಮಿ' ಅನ್ನುವ ಸಂಗೀತ ಶಾಲೆಯನ್ನೂ ಕಟ್ಟಿದರು. ಬ್ಯಾಂಡ್ ಉಳಿಯಬೇಕಾದರೆ ಅದರ ಪಕ್ಕದಲ್ಲಿ ಅನ್ನದ ದಾರಿಯೊಂದು ಇರಬೇಕು; ನಿಮ್ಮಲ್ಲಿ ಡಿಗ್ರಿ ಓದುತ್ತಿರುವವರು ಅದನ್ನು ಅರ್ಧಕ್ಕೆ ಬಿಡಬೇಡಿ ಅಂತ ನಾನು ಹೇಳುವುದು ಇದಕ್ಕೇ.

ಮೈಸೂರಿನ 'ಅಂತರಾಗ್ನಿ' ಇನ್ನೊಂದು ದಾರಿ ಹಿಡಿಯಿತು. ಮೈಕ್ರೋಬಯಾಲಜಿ ಓದಿ ಭರತನಾಟ್ಯ ಕಲಿತಿದ್ದ ರಘು ದೀಕ್ಷಿತ್, ಪಿಟೀಲಿನ ಎಚ್.ಎನ್. ಭಾಸ್ಕರ್ ಸೇರಿ ಮಾಡಿದ ತಂಡ. ಆ ತಂಡ ಮುಗಿದ ಮೇಲೆ, 2005ರ ಸುಮಾರಿಗೆ, ರಘು ತಮ್ಮ ಹೆಸರಿನಲ್ಲೇ 'ರಘು ದೀಕ್ಷಿತ್ ಪ್ರಾಜೆಕ್ಟ್' ಶುರುಮಾಡಿದರು. ಅದು ಬಾಗಿಲು ತೆರೆದಿಟ್ಟ ಮನೆ. ವಾದ್ಯದವರು ಬರಬಹುದು, ಹೋಗಬಹುದು, ಹೆಸರು ಒಬ್ಬರದು ಅಂತ ಮೊದಲೇ ಎಲ್ಲರಿಗೂ ಗೊತ್ತು. 2008ರ ಆಲ್ಬಮ್ಮಿನಲ್ಲಿ ಶಿಶುನಾಳ ಶರೀಫರ ತತ್ವಪದಗಳೂ ಇದ್ದವು. ಲುಂಗಿ ಉಟ್ಟು ಕಾಲಿಗೆ ಗೆಜ್ಜೆ ಕಟ್ಟಿ ಅವರು ಇಂಗ್ಲೆಂಡಿನ ವೇದಿಕೆಗಳವರೆಗೂ ಹೋದರು. 2011ರಲ್ಲಿ 'ಸಾಂಗ್‌ಲೈನ್ಸ್' ಪತ್ರಿಕೆ ಅವರನ್ನು ಹೊಸಬರಲ್ಲಿ ಉತ್ತಮರು ಅಂತ ಆರಿಸಿತು. 2002ರಲ್ಲಿ ಶುರುವಾದ 'ಸ್ವರಾತ್ಮ' ಹಾಗಲ್ಲ. ಮುಂದೆ ನಿಂತು ಹಾಡುವವರು ವಾಸು ದೀಕ್ಷಿತ್, ಬಣ್ಣದ ಕೀಲುಕುದುರೆ ಕಟ್ಟಿಕೊಂಡು ಕುಣಿಯುವವರೂ ಅವರೇ, ಆದರೆ ಹೆಸರು ತಂಡದ್ದು. 2009ರ ಮೊದಲ ಆಲ್ಬಮ್ಮಿನಲ್ಲಿ ಹಿಂದಿ ಹಾಡುಗಳ ನಡುವೆ ಕನ್ನಡದ 'ಈ ಭೂಮಿ' ಇತ್ತು.

ಇವೆರಡರಲ್ಲಿ ಯಾವುದು ಸರಿ ಅಂತ ನನ್ನನ್ನು ಕೇಳಬೇಡಿ. ಎರಡೂ ಸರಿ. ನೀವು ಯಾವುದು ಅಂತ ಐದೂ ಜನರಿಗೆ ಒಂದೇ ಉತ್ತರ ಗೊತ್ತಿರಬೇಕು, ಅಷ್ಟೆ. ಹಾಡುವ ಹುಡುಗಿ 'ಇದು ನಮ್ಮೆಲ್ಲರದು' ಅಂದುಕೊಂಡಿದ್ದು, ಗಿಟಾರಿನ ಹುಡುಗ 'ಇದು ನನ್ನದು' ಅಂದುಕೊಂಡಿದ್ದರೆ ಮೊದಲ ದೊಡ್ಡ ಪೇಮೆಂಟು ಬಂದ ದಿನವೇ ಅದು ಹೊರಬೀಳುತ್ತದೆ.

ನೀವು ಗೋಡೆಗೆ ಅಂಟಿಸಿಕೊಂಡಿರುವ ನಿರ್ವಾಣ ಬ್ಯಾಂಡನ್ನೇ ತೆಗೆದುಕೊಳ್ಳಿ. ಅದನ್ನು ಕಟ್ಟಿದವರೂ ಅಮೆರಿಕದ ಅಬರ್ಡೀನ್ ಅನ್ನುವ ಊರಿನ ಹುಡುಗರು, ನಮ್ಮ ಹಾಗೆ ಮಳೆ, ಮರ, ಮರ ಕುಯ್ಯುವ ಮಿಲ್ಲು. ಮೊದಲು ಹಾಡಿನ ರಾಯಲ್ಟಿ ಮೂವರಿಗೂ ಸಮ. 1991ರ 'ನೆವರ್‌ಮೈಂಡ್' ಲಕ್ಷಗಟ್ಟಲೆ ಮಾರಾಟವಾದ ಮೇಲೆ, ಹಾಡು ಬರೆಯುತ್ತಿದ್ದ ಕರ್ಟ್ ಕೋಬೇನ್ ಹೆಚ್ಚಿನ ಪಾಲು ತನಗೆ ಬರಬೇಕು, ಅದೂ ಹಿಂದಿನಿಂದಲೇ ಲೆಕ್ಕ ಹಾಕಿ ಕೊಡಬೇಕು ಅಂತ ಕೇಳಿದರು. ಬರೆದವರು ಕೇಳಿದ್ದರಲ್ಲಿ ನ್ಯಾಯವಿಲ್ಲ ಅಂತ ನಾನು ಹೇಳುವುದಿಲ್ಲ. ಕೇಳಿದ ಹೊತ್ತು ಮಾತ್ರ ಬ್ಯಾಂಡನ್ನೇ ಮುರಿಯುವ ಹಂತಕ್ಕೆ ತಂದಿತು. ಅದೇ ಕಾಲದ ಆರ್.ಇ.ಎಂ. ನೋಡಿ. 1980ರಲ್ಲಿ ಜಾರ್ಜಿಯಾದ ಅಥೆನ್ಸ್ ಅನ್ನುವ ಕಾಲೇಜಿನ ಊರಲ್ಲಿ ಹುಟ್ಟಿದ್ದು. ಹಾಡನ್ನು ಮೊದಲು ಯಾರೇ ತರಲಿ, ಕೆಳಗೆ ನಾಲ್ವರ ಹೆಸರೂ ಇರುತ್ತಿತ್ತು, ದುಡ್ಡೂ ನಾಲ್ಕು ಪಾಲು. ಆಲ್ಟರ್ನೇಟಿವ್ ರಾಕ್ ಅನ್ನುವ ದಾರಿಯನ್ನೇ ಅಗಲ ಮಾಡಿದ ಆ ತಂಡ 2011ರವರೆಗೆ ಬಾಳಿತು.

ಈಗ ನೋಟ್‌ಬುಕ್ಕಿಗೆ ಬನ್ನಿ. ಪ್ರತಿ ಹಾಡಿಗೂ ಒಂದು ಪುಟ ಇಡಿ: ಸಾಹಿತ್ಯ ಯಾರದು, ರಾಗ ಯಾರದು, ರೆಕಾರ್ಡಿಂಗಿಗೆ ದುಡ್ಡು ಹಾಕಿದ್ದು ಯಾರು. ಕಾನೂನಿನಲ್ಲಿ ಇವು ಮೂರೂ ಬೇರೆ ಬೇರೆ ಹಕ್ಕು. ಯಾರಾದರೂ ಕಂಪನಿಯವರು ಬಂದು 'ಎಲ್ಲ ಹಕ್ಕೂ ನಮಗೆ' ಅನ್ನುವ ಕಾಗದ ಚಾಚಿದರೆ ಅಲ್ಲೇ ಸಹಿ ಹಾಕಬೇಡಿ. ಹಾಡು ಬರೆದವರು, ರಾಗ ಹಾಕಿದವರು ತಮ್ಮ ರಾಯಲ್ಟಿಯ ಪಾಲನ್ನು ಪೂರ್ತಿ ಬಿಟ್ಟುಕೊಡದ ಹಾಗೆ 2012ರ ಕಾಪಿರೈಟ್ ತಿದ್ದುಪಡಿ ಕಾವಲು ಇಟ್ಟಿದೆ. 1969ರಿಂದ ಇರುವ ಐ.ಪಿ.ಆರ್.ಎಸ್. ಅನ್ನುವ ಸಂಸ್ಥೆಗೆ ಸದಸ್ಯರಾದರೆ ಬರೆದವರ ಪಾಲನ್ನು ವಸೂಲಿ ಮಾಡಿಕೊಡುತ್ತಾರೆ. ಯೂಟ್ಯೂಬ್ ಚಾನೆಲ್ ಯಾರ ಮೇಲ್ ಐಡಿಯಲ್ಲಿದೆ, ಪಾಸ್‌ವರ್ಡ್ ಯಾರ ಹತ್ತಿರ ಇದೆ, ಅದನ್ನೂ ಬರೆಯಿರಿ. ನಮ್ಮ ಕಾಲದ ಕೀಬೋರ್ಡ್ ಜಗಳ ನಿಮ್ಮ ಕಾಲದಲ್ಲಿ ಬರುವುದು ಅಲ್ಲಿಂದಲೇ.

ಕವಿತೆಗಳಿಗೆ ರಾಗ ಹಾಕಬೇಕು ಅಂತ ನಿಮಗೆ ಆಸೆಯಿದೆ. ಹಾಕಿ. ಶರೀಫರು ತೀರಿಕೊಂಡದ್ದು 1889ರಲ್ಲಿ. ಅವರ ಪದ, ದಾಸರ ಪದ, ವಚನ ಎಲ್ಲ ಎಲ್ಲರ ಆಸ್ತಿ. ಆದರೆ ಕವಿ ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಬೇಂದ್ರೆಯವರದು 2041ರ ಕೊನೆಯವರೆಗೆ, ಕುವೆಂಪು ಅವರದು 2054ರ ಕೊನೆಯವರೆಗೆ. ಹಾಡಿ ಅಪ್‌ಲೋಡ್ ಮಾಡುವ ಮುಂಚೆ ಹಕ್ಕುದಾರರಿಗೆ ಒಂದು ಕಾಗದ ಬರೆದು ಒಪ್ಪಿಗೆ ಪಡೆಯಿರಿ.

ಇದಕ್ಕಿಂತ ಮುಖ್ಯವಾದದ್ದು ವಾಲಗದ ವಿಷಯ. ನಮ್ಮ ಕಡೆ ಮದುವೆಯಲ್ಲಿ ವಾಲಗ ಶುರುವಾದರೆ ಮಂಡಿನೋವಿನವರೂ ಎದ್ದು ಕುಣಿಯುತ್ತಾರೆ. ಆ ಪೆಟ್ಟನ್ನು ಫೋನಿನಲ್ಲಿ ಹಿಡಿದು ಲೂಪ್ ಮಾಡಿ ನಿಮ್ಮ ಹಾಡಿನ ಕೆಳಗೆ ಇಟ್ಟಿದ್ದೀರಿ. ಕೇಳಲು ಮೈ ಜುಂ ಅನ್ನುತ್ತದೆ. ಆದರೆ ಅದನ್ನು ಬಾರಿಸಿದ ಕೈ ಯಾರದು? ಆ ಡೋಲಿನ ಚರ್ಮವನ್ನು ಬೆಂಕಿಗೆ ಹಿಡಿದು ಬಿಗಿ ಮಾಡಿ, ಇಡೀ ರಾತ್ರಿ ನಿಂತು ಬಾರಿಸಿ, ಕೊನೆಗೆ ಊಟಕ್ಕೆ ಕಡೆಯ ಪಂಕ್ತಿಯಲ್ಲಿ ಕೂರುವವರು ಅವರು. ಅವರನ್ನು ಕರೆಸಿ, ಕೂರಿಸಿ, ಹೇಳಿ ರೆಕಾರ್ಡ್ ಮಾಡಿ. ದುಡ್ಡು ಕೊಡಿ, ಗಿಟಾರಿನವನಿಗೆ ಎಷ್ಟೋ ಅಷ್ಟೇ. ಹಾಡಿನ ಕೆಳಗೆ ನಿಮ್ಮ ಹೆಸರಿನ ಸಾಲಿನಲ್ಲೇ ಅವರ ಹೆಸರು ಹಾಕಿ, 'ಜಾನಪದ' ಅಂತ ಒಂದೇ ಮಾತು ಬರೆದು ಮುಗಿಸಬೇಡಿ. ಸುಗ್ಗಿ ಪದ ಹೇಳಿಕೊಟ್ಟ ಅಜ್ಜಿಗೂ ಹಾಗೇ. ಇದೊಂದನ್ನು ನೀವು ನಡೆಸಿದರೆ ಮಿಕ್ಕ ಎಲ್ಲದರಲ್ಲೂ ನಿಮ್ಮನ್ನು ನಂಬುತ್ತೇನೆ.

ಬಿಟ್ಟು ಹೋಗುವವರ ಮೇಲೆ ಸಿಟ್ಟು ಇಟ್ಟುಕೊಳ್ಳಬೇಡಿ. ಆರ್.ಇ.ಎಂ.ನ ಡ್ರಮ್ಸಿನ ಬಿಲ್ ಬೆರಿ 1995ರಲ್ಲಿ ಸ್ವಿಟ್ಜರ್ಲೆಂಡಿನ ವೇದಿಕೆಯ ಮೇಲೆ ಮೆದುಳಿನ ರಕ್ತನಾಳದ ತೊಂದರೆಯಾಗಿ ಕುಸಿದರು. ಬದುಕಿ ಬಂದು ಮತ್ತೆ ನುಡಿಸಿದರು. 1997ರಲ್ಲಿ ಬಿಡುತ್ತೇನೆ ಅಂದರು. ನಾನು ಹೋದರೆ ಬ್ಯಾಂಡ್ ನಿಲ್ಲುತ್ತದೆ ಅನ್ನುವುದಾದರೆ ಹೋಗುವುದಿಲ್ಲ ಅಂತಲೂ ಅಂದರು. ಉಳಿದ ಮೂವರು ಮುಂದುವರಿಸಿದರು, ಬೆರಿ ಹೊಲಕ್ಕೆ ಹೋಗಿ ಹುಲ್ಲು ಬೆಳೆದರು. ನಿಮ್ಮಲ್ಲೂ ಒಬ್ಬರಿಗೆ ತೋಟ ನೋಡಿಕೊಳ್ಳುವ ಕಾಲ ಬರುತ್ತದೆ, ಒಬ್ಬರಿಗೆ ಮದುವೆ, ಒಬ್ಬರಿಗೆ ಬೆಂಗಳೂರು. ಹೋದವರ ಹಳೇ ಹಾಡಿನ ಪಾಲು ಅವರಿಗೆ ಬರುತ್ತಲೇ ಇರಬೇಕು, ತಂಡದ ಹೆಸರು ಉಳಿದವರ ಹತ್ತಿರ ಇರಬೇಕು ಅಂತ ನನ್ನ ಸಲಹೆ. ಬೇರೆ ರೀತಿ ಬೇಕಾದರೆ ಬೇರೆ ರೀತಿ ಬರೆಯಿರಿ, ಬರೆಯದೆ ಮಾತ್ರ ಬಿಡಬೇಡಿ.

ಸಕಲೇಶಪುರದ ಹೋಂಸ್ಟೇಗಳವರು ಶನಿವಾರ ರಾತ್ರಿ ಕ್ಯಾಂಪ್‌ಫೈರಿಗೆ ಕರೆಯುತ್ತಿದ್ದಾರಂತೆ. ಹೋಗಿ, ಕೈ ಪಳಗುತ್ತದೆ. ಅರ್ಧ ಅಡ್ವಾನ್ಸ್ ತೆಗೆದುಕೊಳ್ಳಿ, ಬಾಡಿಗೆ ಗಾಡಿ ಮತ್ತು ಸೌಂಡಿನವರ ದುಡ್ಡು ಮೊದಲು ತೆಗೆದಿಟ್ಟು ಮಿಕ್ಕದ್ದನ್ನು ಹಂಚಿ. ಮಳೆಗಾಲದ ಪೆಂಡಾಲಿನಲ್ಲಿ ಮಾತ್ರ ನಾನು ಹೇಳುವುದನ್ನು ಅಕ್ಷರಶಃ ಪಾಲಿಸಿ: ಗಿಟಾರಿನ ಆಂಪ್ಲಿಫೈಯರ್ ಒಂದು ಲೈನಿನಲ್ಲಿ, ಮೈಕ್ ಸೆಟ್ ಇನ್ನೊಂದು ಲೈನಿನಲ್ಲಿ ಇದ್ದು ಅರ್ಥಿಂಗ್ ಸರಿಯಿಲ್ಲದಿದ್ದರೆ, ತಂತಿಯ ಮೇಲೆ ಕೈಯಿಟ್ಟು ಮೈಕಿಗೆ ತುಟಿ ತಾಗಿಸಿದವರ ಮೈಯಲ್ಲಿ ಕರೆಂಟು ಹರಿಯುತ್ತದೆ. 1972ರಲ್ಲಿ ಲೆಸ್ಲಿ ಹಾರ್ವಿ ಅನ್ನುವ ಸ್ಕಾಟ್ಲೆಂಡಿನ ಗಿಟಾರ್ ವಾದಕ ವೇದಿಕೆಯ ಮೇಲೇ ಹಾಗೆ ಪ್ರಾಣ ಬಿಟ್ಟರು. ಎರಡನ್ನೂ ಒಂದೇ ಬೋರ್ಡಿನಿಂದ ತೆಗೆದುಕೊಳ್ಳಿ, ಮೈಕಿನ ಮೈಗೆ ಟೆಸ್ಟರ್ ಹಚ್ಚಿ ನೋಡಿ, ಬರಿಗಾಲಲ್ಲಿ ನಿಲ್ಲಬೇಡಿ. ಕಾರ್ಯಕ್ರಮ ತಡವಾಗಲಿ, ಸಂಘದವರು ಕೂಗಾಡಲಿ, ಪರವಾಗಿಲ್ಲ.

ಪ್ರಾಕ್ಟೀಸಿಗೆ ಜಾಗವಿಲ್ಲ ಅಂದಿದ್ದಿರಿ. ನಮ್ಮ ಕಾಫಿ ಗೋಡೌನು ನವೆಂಬರಿನವರೆಗೆ ಖಾಲಿ. ಅರೇಬಿಕಾ ಕುಯ್ಲು ಶುರುವಾದರೆ ಮೂಟೆ ಬರುತ್ತವೆ, ಆಮೇಲೆ ರೊಬಸ್ಟಾ ಮುಗಿಯುವವರೆಗೂ ಜಾಗ ಸಿಗುವುದಿಲ್ಲ. ಬೀಗದ ಕೈ ತೋಟದ ರೈಟರ್ ಹತ್ತಿರ ಕೊಟ್ಟಿದ್ದೇನೆ. ನೆಲದ ತೇವ ಹತ್ತದ ಹಾಗೆ ಡ್ರಮ್ಸನ್ನು ಹಲಗೆಯ ಮೇಲಿಡಿ. ತೋಟದ ಕಡೆ ಆನೆ ಇಳಿದಿವೆ. ಸಂಜೆ ಮೇಲೆ ಬೈಕಲ್ಲಿ ಬರಬೇಡಿ, ಫೋನ್ ಮಾಡಿ, ಜೀಪ್ ಕಳಿಸುತ್ತೇನೆ.