ಗಾಲಿಕುರ್ಚಿಯ ಬೇರಿಂಗ್

ಒಂದು ವಸ್ತು ಇನ್ನೊಂದರ ಮೇಲೆ ಜಾರುವಾಗ ಘರ್ಷಣೆ ಹೆಚ್ಚು, ಉರುಳುವಾಗ ಕಡಿಮೆ ಎಂದು ವಿಜ್ಞಾನದಲ್ಲಿ ಓದುತ್ತೇವೆ. ಜಾರುವುದನ್ನು ಉರುಳುವಂತೆ ಮಾಡುವುದೇ ಬೇರಿಂಗಿನ ಕೆಲಸ. ಒಳಗೊಂದು ಉಕ್ಕಿನ ಬಳೆ, ಹೊರಗೊಂದು ಬಳೆ, ನಡುವೆ ಗುಂಡುಗಳು. 1794ರಲ್ಲಿ ವೇಲ್ಸ್ ದೇಶದ ಫಿಲಿಪ್ ವಾನ್ ಎಂಬುವರು ಗಾಡಿಯ ಅಚ್ಚಿಗೆ ಗುಂಡು ಹಾಕುವ ಉಪಾಯಕ್ಕೆ ಪೇಟೆಂಟ್ ಪಡೆದರು. ಈಗ ಫ್ಯಾನಿನಲ್ಲೂ ಅದೇ, ಸೈಕಲ್ಲಿನಲ್ಲೂ ಅದೇ. ನಾನು ಗಾಲಿಕುರ್ಚಿಯ ಬೇರಿಂಗ್ ಬಗ್ಗೆ ಬರೆಯುತ್ತೇನೆ, ಯಾಕಂದ್ರೆ ನಮ್ಮ ಅಕ್ಕ ಅದರ ಮೇಲೇ ತಿರುಗಾಡುತ್ತಾಳೆ.

ಸೈಕಲ್ ಕೆಟ್ಟರೆ ನಾವು ಇಳಿದು ನೂಕಿಕೊಂಡು ಬರಬಹುದು. ಅಕ್ಕನಿಗೆ ಅದು ಆಗೋದಿಲ್ಲ. ಮುಂದಿನ ಸಣ್ಣ ಗಾಲಿ ಬಿಗಿಯಾದರೆ ಕುರ್ಚಿ ಒಂದೇ ಕಡೆ ಎಳೆಯುತ್ತದೆ, ಅವಳ ಭುಜ ನೋಯುತ್ತದೆ. ಅಂಗಳಕ್ಕೆ ಹೋಗಲಿಕ್ಕೂ ಯಾರನ್ನಾದರೂ ಕರೀಬೇಕು. ಅವಳಿಗೆ ಅದು ಸೇರುವುದಿಲ್ಲ.

ನಮ್ಮ ಕಮಲಾಪುರದ ಕಡೆ ಬೇಸಿಗೆಯಲ್ಲಿ ಧೂಳು, ಮಳೆಗಾಲದಲ್ಲಿ ಕೆಸರು, ತೊಗರಿ ರಾಶಿ ಹೊತ್ತಿನಲ್ಲಿ ಹೊಟ್ಟು. ಅದರ ಜೊತೆ ತಲೆಗೂದಲು ಅಚ್ಚಿಗೆ ಸುತ್ತಿಕೊಳ್ಳುತ್ತದೆ. ವಾರಕ್ಕೊಮ್ಮೆ ಕೂದಲು ತೆಗೆದು ಒಣ ಬಟ್ಟೆಯಿಂದ ಒರೆಸಬೇಕು. ಪೈಪಿನಿಂದ ನೀರು ಬಿಡಬಾರದು. ಎರಡೂ ಕಡೆ ರಬ್ಬರ್ ಮುಚ್ಚಿದ ಬೇರಿಂಗಿಗೆ ಎಣ್ಣೆ ಬಿಡುವುದೂ ದಂಡ. ಗ್ರೀಸ್ ಒಳಗೇ ಇರುತ್ತದೆ, ಮೇಲಿನ ಎಣ್ಣೆ ಧೂಳನ್ನು ಹಿಡಿದಿಡುತ್ತದೆ ಅಷ್ಟೆ.

ಕೆಟ್ಟಿದೆಯೋ ಇಲ್ಲವೋ ಎಂದು ನೋಡುವುದು ಸುಲಭ. ಕೂತವರು ಇಳಿದ ಮೇಲೆ ಕುರ್ಚಿಯನ್ನು ಮಗ್ಗುಲಿಗೆ ಮಲಗಿಸಿ ಗಾಲಿ ತಿರುಗಿಸಿರಿ. ಕರ್ ಕರ್ ಎಂದರೆ ಒಳಗೆ ಮಣ್ಣು ಅಥವಾ ತುಕ್ಕು. ಗಾಲಿಯನ್ನು ಎರಡೂ ಅಂಚಿಗೆ ಹಿಡಿದು ಅಲ್ಲಾಡಿಸಿದಾಗ ಟಕ್ ಟಕ್ ಎಂದರೆ ಬೇರಿಂಗ್ ಸವೆದಿದೆ, ಇಲ್ಲವೇ ನಟ್ ಸಡಿಲಾಗಿದೆ. ಮೊದಲು ನಟ್ ನೋಡಿರಿ!

ಹೊಸದನ್ನು ತರುವಾಗ ನಂಬರ್ ಮುಖ್ಯ. ಅಕ್ಕನ ಕುರ್ಚಿಯ ಮುಂದಿನ ಗಾಲಿಯಲ್ಲಿ 608 ಎಂದಿದೆ. ಅಂದರೆ ಒಳಗಿನ ತೂತು 8 ಮಿ.ಮೀ., ಹೊರಗಿನ ಅಗಲ 22 ಮಿ.ಮೀ., ದಪ್ಪ 7 ಮಿ.ಮೀ. ಮುಂದೆ 2ಆರ್‌ಎಸ್ ಎಂದಿದ್ದರೆ ಎರಡೂ ಕಡೆ ರಬ್ಬರ್ ಮುಚ್ಚಳ, ಝಡ್‌ಝಡ್ ಎಂದಿದ್ದರೆ ತಗಡಿನ ಮುಚ್ಚಳ. ನಮ್ಮ ಧೂಳಿಗೆ ರಬ್ಬರಿನದೇ ಒಳ್ಳೆಯದು. ಬೇರೆ ಕುರ್ಚಿಯಲ್ಲಿ ಬೇರೆ ನಂಬರ್ ಇರಬಹುದು, ಹಳೆಯದನ್ನು ಕಿಸೆಯಲ್ಲಿ ಇಟ್ಟುಕೊಂಡೇ ಹೋಗಿರಿ.

ಮೊದಲೊಮ್ಮೆ ಒಬ್ಬರು ಸುತ್ತಿಗೆಯಿಂದ ಬಡಿದು ಕೂಡಿಸಿಕೊಟ್ಟರು. ಎಂಟೇ ದಿನಕ್ಕೆ ಮತ್ತೆ ಕರ್ ಕರ್. ಆಮೇಲೆ ಅಪ್ಪ ನನ್ನನ್ನೂ ಕರಕೊಂಡು ಕಲಬುರಗಿಗೆ ಹೋದರು. ಜಗತ್ ಹತ್ತಿರದ ಒಬ್ಬ ಮಿಸ್ತ್ರಿ ಕಾಕಾ ಹೇಳಿದರು: "ಹೊರಗಿನ ಬಳಿಗೇ ಒತ್ತಬೇಕು ತಂಗಿ. ಒಳಗಿನ ಬಳಿಗೆ ಹೊಡದ್ರ ಆ ಪೆಟ್ಟು ಗುಂಡಿಗೇ ಬೀಳ್ತದ, ಹೊಸಾದು ಅಲ್ಲೇ ಸತ್ತಂಗ." ಹೌದಲ್ಲ, ಗುಂಡು ಕೂತ ದಾರಿಯಲ್ಲಿ ಸಣ್ಣ ತಗ್ಗು ಬಿದ್ದರೆ ಅದು ಮತ್ತೆ ನುಣ್ಣಗೆ ಉರುಳುವುದು ಹೇಗೆ?

ಅವರು ಮಾಡಿದ್ದು ಹೀಗೆ. 13ರ ಎರಡು ಪಾನಾ, ಒಂದು ಬೋಲ್ಟಿನ ತಲೆಗೆ, ಒಂದು ನಟ್ಟಿಗೆ. ಗಾಲಿ ಕೈಗೆ ಬಂದ ಮೇಲೆ ಒಂದು ಕಡೆಯಿಂದ ಸಣ್ಣ ಸಲಾಕೆ ತೂರಿಸಿ, ಆಚೆ ಕಡೆಯ ಬೇರಿಂಗಿನ ಅಂಚಿಗೆ ಸುತ್ತಲೂ ಮೆಲ್ಲಗೆ ತಟ್ಟಿ ಹೊರಗೆ ಹಾಕಿದರು. ಹೀಗೆ ತೆಗೆದದ್ದನ್ನು ತಿರುಗಿ ಬಳಸಬಾರದು. ನಡುವೆ ಒಂದು ಸಣ್ಣ ಪೈಪಿನ ತುಂಡು ಇರುತ್ತದೆ. ಅದನ್ನು ಹಾಕುವುದು ಮರೆತರೆ ನಟ್ ಬಿಗಿದಾಗ ಎರಡೂ ಒಳಬಳೆಗಳು ಒಳಕ್ಕೆ ಒತ್ತಿ ಗಾಲಿ ತಿರುಗುವುದೇ ಇಲ್ಲ. ಹೊಸದಕ್ಕೆ ಸುತ್ತಿಗೆ ಮುಟ್ಟಲಿಲ್ಲ! ಉದ್ದ ಬೋಲ್ಟಿಗೆ ಎರಡೂ ಕಡೆ ಹೊರಗಿನ ಬಳೆಗೆ ಮುಟ್ಟುವಷ್ಟು ಅಗಲದ ವಾಷರ್ ಹಾಕಿ, ನಟ್ ತಿರುಗಿಸುತ್ತ ಹೋದರು. ಬೇರಿಂಗ್ ತಾನೇ ಸೀದಾ ಒಳಗೆ ಕೂತಿತು. ಕೊನೆಗೆ ಗಾಲಿ ಅಲ್ಲಾಡಬಾರದು, ಆದರೆ ಬೆರಳು ತಾಗಿಸಿದರೆ ತಿರುಗಬೇಕು.

ಕೈಯಿಂದ ತಿರುಗಿಸುವ ಮೂರು ಗಾಲಿ ಸೈಕಲ್ಲಿನಲ್ಲಿ ಬಿಡಿ ಗುಂಡು ಇದ್ದರೆ ತಟ್ಟೆ ಇಟ್ಟುಕೊಂಡೇ ಬಿಚ್ಚಬೇಕು. ಎಣಿಸಿ, ಡೀಸೆಲ್ಲಿನಲ್ಲಿ ತೊಳೆದು, ಒರೆಸಿ, ಹೊಸ ಗ್ರೀಸ್ ತುಂಬಬೇಕು. ಒಂದು ಗುಂಡು ಸವೆದಿದ್ದರೂ ಆ ಕಡೆಯವು ಎಲ್ಲವನ್ನೂ ಬದಲಿಸಬೇಕು.

13ರ ಪಾನಾ ಎರಡೂ ನಮ್ಮ ಮನೆಯಲ್ಲಿವೆ. ಬೇಕಾದವರು ಕೇಳಿ ಒಯ್ಯಿರಿ, ಸಂಜೆಗೆ ತಿರುಗಿ ಕೊಡಬೇಕು.